ನೆತ್ತಿಗೆ ಹತ್ತದ ನೀರು

ನಮ್ಮ ಕಡೆ ಯಾರಿಗೂ ನುಂಗಲು ತೊಂದರೆ ಇರುವುದಿಲ್ಲ. ಲಕ್ವಾ ಹೊಡೆದು ಬಾಯಿ ಸೊಟ್ಟಗಾಗಿ ಜೊಲ್ಲು ಗದ್ದಕ್ಕಿಳಿಯುತ್ತಿದ್ದರೂ, "ನುಂಗಾಕ ತ್ರಾಸ ಐತೇನ್ರಿ?" ಎಂದು ಕೇಳಿದರೆ ಹಾಸಿಗೆಯ ಸುತ್ತ ನಿಂತ ಮನೆಯವರೆಲ್ಲ ಒಟ್ಟಿಗೇ "ಏನಿಲ್ರಿ, ಊಟ ಭೇಷ್ ಐತಿ" ಎನ್ನುತ್ತಾರೆ. ಊಟ ಇಳಿಯುತ್ತಿಲ್ಲ ಎಂದು ಒಪ್ಪಿಕೊಂಡರೆ ಮನುಷ್ಯ ಕೈಬಿಟ್ಟ ಹಾಗೆ ಎಂಬ ಭಯ ಅವರಿಗೆ. ಹಾಗಾಗಿ ಆ ಪ್ರಶ್ನೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು. ನನ್ನ ಪ್ರಶ್ನೆ ಬೇರೆ. "ಉಣ್ಣೂವಾಗ, ನೀರ ಕುಡಿಯೂವಾಗ ನೆತ್ತಿಗಿ ಹತ್ತತೈತೇನ್ರಿ?" ಇದಕ್ಕೆ ಮಾತ್ರ ಯಾರೂ ಸುಳ್ಳು ಹೇಳುವುದಿಲ್ಲ.

ಅನ್ನದ ಅಗುಳೋ ನೀರಿನ ಹನಿಯೋ ದಾರಿ ತಪ್ಪಿ ಶ್ವಾಸನಾಳದ ಬಾಯಿಗೆ ಬಿದ್ದಾಗ ಒತ್ತರಿಸಿ ಬರುವ ಕೆಮ್ಮನ್ನು ನಾವು ನೆತ್ತಿಗೆ ಹತ್ತುವುದು ಎನ್ನುತ್ತೇವೆ. ಖಾನಾಪುರದ ಕಡೆ, ಮರಾಠಿ ಬೆರೆತ ಮನೆಗಳಲ್ಲಿ, ಅದೇ ಠಸಕಾ. ಹತ್ತಿದ ಕೂಡಲೇ ಪಕ್ಕದಲ್ಲಿದ್ದವರು ನೆತ್ತಿಯ ಮೇಲೆ ಮೆಲ್ಲಗೆ ತಟ್ಟಿ, "ಯಾರೋ ನೆನಸಾಕತ್ತಾರ ನೋಡು" ಎನ್ನುತ್ತಾರೆ. ನಮ್ಮವ್ವ ನನಗೂ ಹಾಗೆ ತಟ್ಟಿ ಬೆಳೆಸಿದವಳೇ. ಗಂಟಲಿನ ನರಗಳ ಬಗ್ಗೆ ಓದಿ, ಪರೀಕ್ಷೆ ಬರೆದು, ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ತಟ್ಟುವಿಕೆಯಿಂದ ಏನೂ ಆಗುವುದಿಲ್ಲ ಎಂದು ತಿಳಿಯಿತು. ಆದರೂ ಎದುರಿಗಿದ್ದವರು ಕೆಮ್ಮಿದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ನನ್ನ ಕೋಣೆಯ ಬಾಗಿಲಿಗೆ ಉದ್ದನೆಯ ಹುದ್ದೆಯ ಹೆಸರು ಬರೆದ ಹಲಗೆಯಿದೆ. ವಾರ್ಡಿನ ಸಿಸ್ಟರ್‌ಗಳ ಬಾಯಲ್ಲಿ ನಾನು ನುಂಗೋ ಮೇಡಂ.

ನಾನು ಹೇಳಬೇಕಾಗಿರುವುದು ಖಾನಾಪುರದಿಂದ ಬಂದ ಒಬ್ಬ ತಾಯಿಯ ವಿಷಯ. ಆಕೆ ಈಗಿಲ್ಲ. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ನಮ್ಮ ಕಡೆಯ ಎಷ್ಟೋ ಕನ್ನಡದ ಮನೆಗಳಲ್ಲಿ ಅಜ್ಜಿ. ಯಾವ ಲೆಕ್ಕದಲ್ಲೂ ಸರಿಹೊಂದುವ ಹೆಸರೆಂದು ವಾರ್ಡಿನವರೆಲ್ಲ ಆಕೆಯನ್ನು ಆಯಿ ಎಂದೇ ಕರೆದರು. ನಾನೂ ಹಾಗೇ ಕರೆಯುತ್ತೇನೆ.

ಆಯಿ ಖಾನಾಪುರದ ಸರಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಸಾರು ಕುದಿಯುತ್ತಿರುವಾಗಲೇ ಒಲೆಯ ಮುಂದೆ ಕುಸಿದಳಂತೆ. ಹಿರಿಯ ಮಗ ಹಂಚಿನ ಕಾರ್ಖಾನೆಗಳಿಂದ ಮಾಲು ಸಾಗಿಸುವ ಟೆಂಪೊ ಓಡಿಸುತ್ತಾನೆ. ಆಂಬುಲೆನ್ಸಿಗೆ ಕಾಯದೆ ಹಂಚನ್ನು ದಾರಿಯಲ್ಲೇ ಇಳಿಸಿ, ಹುಲ್ಲು ಹಾಸಿ, ತಾಯಿಯನ್ನು ಮಲಗಿಸಿಕೊಂಡು ಬಂದ. ಬಲಗೈ, ಬಲಗಾಲು ಸೋತಿದ್ದವು. ಮಾತು ತೊದಲುತ್ತಿತ್ತಾದರೂ ಕಿವಿಗೊಟ್ಟು ಕೇಳಿದರೆ ತಿಳಿಯುತ್ತಿತ್ತು. ಬಂದ ಮರುದಿನ ಡಾಕ್ಟರ್ ನನಗೆ ಕರೆ ಕಳಿಸಿದರು.

ನನ್ನ ಪರೀಕ್ಷೆ ನೋಡುವವರಿಗೆ ಬೇಸರ ತರಿಸುವಂಥದು. ಮೊದಲು ಹಾಸಿಗೆಯನ್ನು ಎತ್ತರಿಸಿ ಕೂರಿಸುತ್ತೇನೆ. ಬಾಯೊಳಗೆ ಟಾರ್ಚು ಹಾಕಿ ಒಣಗಿದೆಯೇ, ಉಂಡ ಅನ್ನ ಕೆನ್ನೆಯೊಳಗೆ ಉಳಿದಿದೆಯೇ ನೋಡುತ್ತೇನೆ. ನಾಲಿಗೆ ಎಡಕ್ಕೆ, ಬಲಕ್ಕೆ. "ಆ" ಅನ್ನಿಸಿ ಧ್ವನಿ ಕೇಳುತ್ತೇನೆ. ಬೇಕೆಂದೇ ಒಮ್ಮೆ ಕೆಮ್ಮಿಸುತ್ತೇನೆ. ಆಮೇಲೆ ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಲು ಹೇಳುತ್ತೇನೆ. ಉಬ್ಬು ಬೆರಳಿನಡಿ ಮೇಲೆದ್ದು ಇಳಿಯಬೇಕು. ಆಯಿಯದು ತಡವಾಗಿ, ಅರ್ಧಕ್ಕೆ ಎದ್ದಿತು. ಕುತ್ತಿಗೆಗೆ ಸ್ಟೆತಸ್ಕೋಪ್ ಇಟ್ಟು ಅರ್ಧ ಚಮಚ ನೀರು ಕೊಟ್ಟೆ.

ಕೆಮ್ಮು ಕಿತ್ತುಕೊಂಡು ಬಂತು. ಮಂಚ ಅಲುಗಿತು, ಮುಖ ಕೆಂಪಾಯಿತು. ಪಕ್ಕದಲ್ಲಿದ್ದ ಸೊಸೆ ಧಾವಿಸಿ ನೆತ್ತಿ ತಟ್ಟಿದಳು. "ಯಾರೋ ನೆನಸಿದ್ರ ನೋಡ್ರಿ ಅತ್ತಿ!" ಆಯಿ ಕೆಮ್ಮುತ್ತಲೇ ನಕ್ಕಳು. ಹಿರಿಯ ಮಗ ಕಿಟಕಿಯ ಕಡೆ ತಿರುಗಿ ನಿಂತ. ಆ ನಗು ನನಗೆ ಬರೀ ಸಂಕೋಚದ ನಗುವೆನಿಸಿತು. ದೊಡ್ಡವರು ಹೊರಗಿನವರ ಮುಂದೆ ಹಾಗೆ ನಗುವುದುಂಟು.

ನೀರು ತಪ್ಪು ದಾರಿ ಹಿಡಿಯುತ್ತಿತ್ತು. ಆದರೆ ಕೆಮ್ಮಿತ್ತು. ಮನೆಯವರಿಗೆ ನಾನು ಯಾವಾಗಲೂ ಹೇಳುವುದಿಷ್ಟೇ: ಕೆಮ್ಮು ಬಾಗಿಲ ನಾಯಿ ಇದ್ದ ಹಾಗೆ. ಬೊಗಳಿತೆಂದರೆ ಕಳ್ಳ ಬಂದ ಎಂದರ್ಥ, ಆದರೆ ನಾಯಿ ಎಚ್ಚರವಿದೆ ಎಂದೂ ಅರ್ಥ. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿಸಿದೆವು. ನೀರು, ಚಹಾ, ತೆಳ್ಳಗಿನ ಯಾವುದೂ ಬಾಯಿಗೆ ಬೇಡ. ದಿನಕ್ಕೆರಡು ಸಲ, ಕೂರಿಸಿ, ಗದ್ದವನ್ನು ಎದೆಗೆ ತಗ್ಗಿಸಿ, ದಪ್ಪಗೆ ಕಾಸಿದ ಅಂಬಲಿಯನ್ನು ಕೆಲವು ಚಮಚ ಮಾತ್ರ ರೂಢಿಗಾಗಿ. ಬಟ್ಟಲಲ್ಲಿ ನೀರಿಟ್ಟುಕೊಂಡು ಒದ್ದೆ ಬಟ್ಟೆ ಹಿಂಡಿ ಹಲ್ಲು, ನಾಲಿಗೆ ಒರೆಸಬೇಕು. ಸೊಸೆಯ ಕೈಯಲ್ಲೇ ಎಲ್ಲ ಮಾಡಿಸಿ ನೋಡಿದೆ. ಅಂಬಲಿ ಎಷ್ಟು ದಪ್ಪ ಎಂದು ಕೇಳಿದ್ದಕ್ಕೆ ಚಮಚ ಓರೆ ಮಾಡಿ ತೋರಿಸಿದಳು, ಬೀಳಲೊಲ್ಲದೆ ನಿಂತಿತು. ಶಭಾಷ್ ಎಂದೆ. ದಸರೆಯ ಹೊತ್ತಿಗೆ ಮನೆಗೆ ಕಳಿಸಿದೆವು.

ಕೆಲವೇ ದಿನಗಳಲ್ಲಿ ಆಯಿಗೆ ಜ್ವರ ಬಂದು ಮರಳಿ ಬಂದರು. ಎಕ್ಸರೆಯಲ್ಲಿ ಬಲ ಶ್ವಾಸಕೋಶದ ತಳಭಾಗ ಬೆಳ್ಳಗಾಗಿತ್ತು. ಬಾಯಿಂದ ಇಳಿದದ್ದು ಹೋಗಿ ಕೂರುವ ಜಾಗ ಅದೇ. ನನಗೆ ಸಿಟ್ಟು ಬಂತು. ನಮ್ಮ ವೃತ್ತಿಯಲ್ಲಿ ಒಂದು ಕೆಟ್ಟ ಚಾಳಿ ಇದೆ, ಏನೇ ಆದರೂ ಮೊದಲು ಸಂಶಯ ಸೊಸೆಯ ಮೇಲೆ.

"ನೀರ ಕೊಟ್ಟೀರೇನು?"

"ಹನಿ ನೀರ ಕೊಟ್ಟಿಲ್ರಿ."

"ಚಹಾ? ಬಾಯಿ ಕೆಟ್ಟೈತಿ ಅಂತ ಒಂದ ಗುಟುಕ?"

"ಇಲ್ರೀ ಮೇಡಂ. ನಮ್ಮತ್ತಿ ಕಣ್ಣಾಗ ನೀರ ತಂದ ಕೇಳ್ಯಾಳ, ಖರೇನ ಕೊಟ್ಟಿಲ್ಲ. ಬೇಕಾದ್ರ ಲಿಂಗಾ ಮುಟ್ಟಿ ಹೇಳತೀನಿ."

ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಹಿರಿಯ ಮಗ ನೆಲ ನೋಡುತ್ತ ನಿಂತಿದ್ದ. ಆಯಿ ನನ್ನನ್ನು ನೋಡಲಿಲ್ಲ. ಔಷಧಿ ಕೆಲಸ ಮಾಡಿತು, ಆ ಸಲ ಬಚಾವಾದಳು. ಆದರೆ ದೀಪಾವಳಿಯ ಪಣತಿಗಳನ್ನು ಇನ್ನೂ ಎತ್ತಿಡುವ ಮುಂಚೆಯೇ ಮತ್ತೆ ಅದೇ ಜ್ವರ, ಅದೇ ಬಲಭಾಗ. ಈ ಸಲ ಆಕ್ಸಿಜನ್ ಹಚ್ಚಬೇಕಾಯಿತು. ಕೆನ್ನೆಗಳು ಒಳಗೆ ಹೋಗಿದ್ದವು. ಡಾಕ್ಟರ್ ನನ್ನನ್ನು ಬದಿಗೆ ಕರೆದು, ಇನ್ನೊಂದು ಸಲ ಹೀಗಾದರೆ ಆಕೆಯ ಎದೆ ತಡೆಯುವುದಿಲ್ಲ ಎಂದರು.

ಸೊಸೆ ಮಾತ್ರ ಒಂದು ಒಳ್ಳೆಯ ಸುದ್ದಿ ಇಟ್ಟುಕೊಂಡು ಕಾಯುತ್ತಿದ್ದಳು. "ಒಂದ ಚಲೋ ಆಗೇತಿ ನೋಡ್ರಿ ಮೇಡಂ. ಈಗ ಠಸಕಾ ಬರೂದ ಪೂರಾ ನಿಂತೇತಿ. ಅಂಬಲಿ ಕೊಟ್ರ ಒಂದರ ಸಲಾ ನೆತ್ತಿಗಿ ಹತ್ತವಲ್ದು."

ಮನೆಯವರು ಸಂತೋಷದಿಂದ ಹೇಳುವ ಈ ಒಂದು ಮಾತಿಗೆ ನಾನು ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಕಳ್ಳ ಬರುವುದನ್ನು ಬಿಟ್ಟಿದ್ದಾನೋ, ನಾಯಿ ಸತ್ತಿದೆಯೋ?

ಆಕ್ಸಿಜನ್ ಇಳಿಸಿದ ಮೇಲೆ ಕಿವಿ ಮೂಗು ಗಂಟಲಿನ ಡಾಕ್ಟರ್ ಜೊತೆ ಸೇರಿ ಕ್ಯಾಮೆರಾ ಪರೀಕ್ಷೆ ಮಾಡಿದೆವು. ತುದಿಯಲ್ಲಿ ದೀಪವಿರುವ ತೆಳ್ಳನೆಯ ನಳಿಕೆಯನ್ನು ಅವರು ಮೂಗಿನ ಇನ್ನೊಂದು ಹೊಳ್ಳೆಯಿಂದ ಗಂಟಲ ಮೇಲ್ಭಾಗದವರೆಗೆ ಇಳಿಸಿದರು. ಪರದೆಯ ಮೇಲೆ ಗುಲಾಬಿ ಬಣ್ಣದ ಗುಹೆಯಂಥ ಗಂಟಲು, ನಡುವೆ ಬಿಳಿಯ ಧ್ವನಿಪಟಲಗಳು. ಕಾಣಲೆಂದು ಹಸಿರು ಬಣ್ಣ ಬೆರೆಸಿದ ಹಾಲನ್ನು ಒಂದು ಚಮಚ ಕೊಟ್ಟೆ. ಹಸಿರು ನಾಲಿಗೆಯ ಬುಡದಿಂದ ಇಳಿಯಿತು, ಬಲಗಡೆಯ ತಗ್ಗಿನಲ್ಲಿ ತುಂಬಿ ನಿಂತಿತು, ತುಳುಕಿ ಧ್ವನಿಪಟಲಗಳ ನಡುವೆ ಜಾರಿ ಕೆಳಗೆ ಹೋಯಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೆಮ್ಮಿಗಾಗಿ ಕಾದೆವು. ಬರಲಿಲ್ಲ. ಆಕ್ಸಿಜನ್ ಮಟ್ಟ ತೋರಿಸುವ ಯಂತ್ರದ ಅಂಕಿ ಮಾತ್ರ ಮೆಲ್ಲಗೆ ಕೆಳಗಿಳಿಯಿತು.

"ಏನರ ಅನಿಸ್ತೇನ್ರಿ ಆಯಿ?" ಎಂದು ಕೇಳಿದೆ.

"ಇಲ್ಲ," ಎಂದಳು. ಧ್ವನಿ ಗುಳುಗುಳು ಎನ್ನುತ್ತಿತ್ತು, ಗಂಟಲಲ್ಲಿ ನೀರು ನಿಂತಿದೆ ಎಂದು ಯಾರಿಗೂ ತಿಳಿಯುವಂತೆ. ಕಣ್ಣಲ್ಲಿ ನೀರು ತುಂಬಿತ್ತು. ಕ್ಯಾಮೆರಾದ ನೋವಿಗೆ ಎಂದುಕೊಂಡು ಒರೆಸಿದೆ.

ಗಂಟಲಿನ ಬಲಭಾಗ ಪೂರ್ತಿ ಮರಗಟ್ಟಿತ್ತು. ಲಕ್ವಾದ ಹೊಡೆತ, ಮೂಗಿನ ನಳಿಕೆ, ಮತ್ತೆ ಮತ್ತೆ ತಾಗಿ ಕೆರಳಿಸಿದ ತೇವ, ಎಲ್ಲವೂ ಸೇರಿ ಆಗಿರಬಹುದು. ಆದರೆ ಪ್ರಶ್ನೆ ಅದಲ್ಲ. ದಪ್ಪ ಅಂಬಲಿ ಕೊಟ್ಟು ನೋಡಿದಾಗ ಅದು ಕೆಳಗೆ ಹೋಗಲಿಲ್ಲ. ತೆಳ್ಳಗಿನದು ಮಾತ್ರ ಹೋಗುತ್ತಿತ್ತು. ಎಂದ ಮೇಲೆ ಆ ಮನೆಯಲ್ಲಿ ಎಲ್ಲಿಂದಲೋ ತೆಳ್ಳಗಿನದು ಬಾಯಿಗೆ ಬೀಳುತ್ತಿತ್ತು. ಹೊಟ್ಟೆಗೇ ನೇರ ನಳಿಕೆ ಕೂಡಿಸುವ ಮಾತು ಬಂತು. ಹೊಟ್ಟೆಗೆ ನಳಿಕೆ ಇಟ್ಟರೂ ಬಾಯಿಗೆ ಬಾಗಿಲು ಹಾಕಲಾಗುವುದಿಲ್ಲ ಎಂದು ನಾನೇ ತಡೆದೆ. ಡಿಸ್ಚಾರ್ಜ್ ಆದ ಕೆಲವು ದಿನಗಳಿಗೆ, ರಜೆ ಹಾಕಿ, ಬೆಳಗಿನ ರೈಲು ಹತ್ತಿ ಖಾನಾಪುರಕ್ಕೆ ಹೋದೆ. ಹೋಗು ಎಂದು ಯಾರೂ ಹೇಳಿರಲಿಲ್ಲ. ಸೊಸೆಯನ್ನು ಅಳಿಸಿದ್ದು ಮನಸ್ಸಿನಲ್ಲಿ ಚುಚ್ಚುತ್ತಿತ್ತು ಎನ್ನುವುದೂ ಒಂದು ಕಾರಣ.

ಮಂಜು ಇನ್ನೂ ಕರಗಿರಲಿಲ್ಲ. ಸ್ಟೇಷನ್ನಿನಿಂದ ಹೊರಬಂದರೆ ಹಂಚಿನ ಭಟ್ಟಿಗಳ ಹೊಗೆ ಮಂಜಿಗೆ ಸೇರಿ ಎದೆಗೆ ಭಾರವಾಗುತ್ತಿತ್ತು. ಹಿರಿಯ ಮಗ ಟೆಂಪೊ ತಂದಿದ್ದ. ಮನೆ ಎರಡೇ ಕೋಣೆಯದು, ನೆಲಕ್ಕೆ ಒಡೆದ ಹಂಚಿನ ಚೂರುಗಳನ್ನೇ ಕೂಡಿಸಿದ್ದರು. ಸೊಸೆ ನನ್ನನ್ನು ಕಂಡು, ಬಂದದ್ದು ಜಗಳಕ್ಕೋ ಏನೋ ಎಂಬಂತೆ, "ಬರ್ರಿ, ಕುಂದರ್ರಿ" ಎಂದಳು. ಚಹಾ ಬೇಡ ಎಂದು ನಾನು ಹೇಳುವ ಮೊದಲೇ ಇಬ್ಬರೂ ಅಡುಗೆಮನೆಗೆ ಹೋದರು.

ನಾನು ಆಯಿ ಇದ್ದ ಕೋಣೆಯ ಬಾಗಿಲಲ್ಲಿ ನಿಂತೆ. ಆಕೆ ನನ್ನನ್ನು ನೋಡಿರಲಿಲ್ಲ. ಮಂಚದ ಪಕ್ಕ ಸ್ಟೂಲಿನ ಮೇಲೆ ಸ್ಟೀಲಿನ ಬಟ್ಟಲು, ಅದರ ಅಂಚಿಗೆ ಬಿಳಿ ಬಟ್ಟೆ. ಬಾಯಿ ಒರೆಸಲು ನಾನೇ ಹೇಳಿದ್ದ ನೀರು. ಆಯಿಯ ಎಡಗೈ ಮೆಲ್ಲಗೆ ಬಂತು. ಬಟ್ಟೆಯನ್ನು ಅದ್ದಿ ಬಾಯಿಗೆ ಇಟ್ಟುಕೊಂಡು ಹೀರಿದಳು. ಆಮೇಲೆ ಸುಮ್ಮನೆ ಕುಳಿತಳು. ಬಾಯಾರಿದವರು ನೀರು ಕುಡಿದ ಮೇಲೆ ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಾರೆ, ನೂರಾರು ಮಂದಿಯನ್ನು ನೋಡಿದ್ದೇನೆ. ಇದು ಹಾಗಿರಲಿಲ್ಲ. ಕತ್ತು ಎತ್ತಿ, ಬಾಗಿಲು ಬಡಿಯುವ ಸದ್ದಿಗೆ ಕಿವಿಗೊಟ್ಟ ಹಾಗೆ ಕಾಯುತ್ತಿದ್ದಳು. ಏನೂ ಆಗಲಿಲ್ಲ. ಮತ್ತೆ ಅದ್ದಿದಳು, ಹೀರಿದಳು, ಕಾದಳು. ಮುಖ ಕುಂದಿತು.

ಬಟ್ಟಲನ್ನು ಕಿತ್ತುಕೊಳ್ಳಬೇಕೆಂದೇ ನಾನು ಒಳಗೆ ಹೋದದ್ದು. ಆದರೆ ಆಕೆಯ ಪಕ್ಕ ಕುಳಿತೆ.

"ನೀರಡಿಕಿ ಆಗೇತೇನ್ರಿ ಆಯಿ?"

ತಲೆ ಅಲ್ಲಾಡಿಸಿದಳು. "ಹತ್ತವಲ್ದು," ಎಂದಳು. ಎಡಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಮತ್ತೆ ಹೇಳಿದಳು. "ನೆತ್ತಿಗಿ ಹತ್ತವಲ್ದು. ಮದ್ಲ ದಿನಾ ಹತ್ತತಿತ್ತು. ಸಣ್ಣಾಂವ ನೆನಸತಿದ್ದ."

ಸಣ್ಣಾಂವ ಎಂದರೆ ಕಿರಿಯ ಮಗ. ಹಾಗೊಬ್ಬನಿದ್ದಾನೆ ಎಂದೇ ನನಗೆ ಗೊತ್ತಿರಲಿಲ್ಲ. ತೊದಲು ಮಾತಿನಲ್ಲಿ, ನಡುನಡುವೆ ಗುಳುಗುಟ್ಟುವ ಗಂಟಲನ್ನು ತಡೆದು ತಡೆದು ಆಕೆ ಹೇಳಿದ್ದಿಷ್ಟು. ಕೆಲವು ವರ್ಷಗಳ ಹಿಂದೆ ಯಾವುದೋ ಕ್ಷುಲ್ಲಕ ಮಾತಿಗೆ ಮನೆಬಿಟ್ಟು ಹೋದ. ಗೋವಾದ ಹೋಟೆಲೊಂದರಲ್ಲಿದ್ದೇನೆ ಎಂದು ಯಾರ್ಯಾರದೋ ಫೋನಿನಿಂದ ಕೆಲವು ಸಲ ಮಾತಾಡಿದ, ಆಮೇಲೆ ಅದೂ ನಿಂತಿತು. ಆದರೂ ಆಯಿಗೆ ಊಟಕ್ಕೆ ಕೂತಾಗ ಆಗಾಗ ನೆತ್ತಿಗೆ ಹತ್ತುತ್ತಿತ್ತು. ಅಡುಗೆ ಮಾಡುವವಳಲ್ಲವೇ, ಅವಸರದ ಊಟ. ಹತ್ತಿದಾಗಲೆಲ್ಲ ಎಲ್ಲೋ ಇದ್ದಾನೆ, ತನ್ನನ್ನು ಮರೆತಿಲ್ಲ ಎಂದುಕೊಳ್ಳುತ್ತಿದ್ದಳು. ಲಕ್ವಾ ಹೊಡೆದ ಮೇಲಂತೂ ಚಮಚ ನೀರಿಗೂ ಹತ್ತತೊಡಗಿತು. ನನ್ನ ಮುಂದೆ ಆಕೆ ಯಾಕೆ ನಕ್ಕಳೆಂದು ಈಗ ತಿಳಿಯಿತು.

"ಈಗ ಎಷ್ಟ ಕುಡದ್ರೂ ಹತ್ತವಲ್ದು," ಎಂದಳು. "ಸಣ್ಣಾಂವ ಉಳದಿಲ್ಲ ಏನೋ, ಬಾಯಿ."

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಗೌರವದಿಂದ ಬಾಯಿ ಎನ್ನುತ್ತಾರೆ. ಕೆಮ್ಮು ನಿಂತದ್ದು ಆ ಮನೆಯಲ್ಲಿ ಸೊಸೆಗೆ ಶುಭಸುದ್ದಿ, ನನಗೆ ಅಪಾಯದ ಗುರುತು, ತಾಯಿಗೆ ಮಗನ ಸಾವು. ಒಂದೇ ಗಂಟಲು. ಬಟ್ಟಲನ್ನು ಎತ್ತಿ ದೂರ ಇಟ್ಟೆ. ನೀರಿಗಾಗಿ ಹಟ ಮಾಡುವವರನ್ನು ತಡೆಯಬಹುದು, ಬೈಯಬಹುದು, ಬೇಡಿಕೊಳ್ಳಬಹುದು. ಇಂಥ ಕುಡಿತವನ್ನು ಹೇಗೆ ತಡೆಯುವುದು? ಬಟ್ಟಲು ಇಲ್ಲದಿದ್ದರೆ ಇನ್ನೇನಾದರೂ ಹುಡುಕುತ್ತಾಳೆ. ಡಾಕ್ಟರ್ ಹೇಳಿದ ಮಾತು ಕಿವಿಯಲ್ಲೇ ಇತ್ತು. ಚಹಾ ಕುಡಿದು, ಸೊಸೆಗೆ ಬಟ್ಟಲನ್ನು ಕೋಣೆಯಲ್ಲಿ ಬಿಡಬೇಡವೆಂದಷ್ಟೇ ಹೇಳಿ ಎದ್ದೆ. ಸೋತು ಹೊರಟೆ ಎಂದೇ ಹೇಳಬೇಕು.

ಸ್ಟೇಷನ್ನಿಗೆ ಬಿಡಲು ಹಿರಿಯ ಮಗ ಟೆಂಪೊ ತೆಗೆದ. ರೈಲ್ವೆ ಗೇಟು ಬಿದ್ದಿತ್ತು. ಆತ ಎಂಜಿನ್ ಬಂದ್ ಮಾಡಿದ. ತಾಯಿ ಹೇಳಿದ್ದನ್ನೆಲ್ಲ ನಾನು ಆತನಿಗೆ ಹೇಳಿದೆ. ಆತ ಸ್ಟಿಯರಿಂಗ್ ಹಿಡಿದುಕೊಂಡೇ ಕೇಳಿದ. ಲೋಂಡಾ ಕಡೆಯಿಂದ ಗೂಡ್ಸ್ ಗಾಡಿ ಬಂತು, ಡಬ್ಬಿಯ ಹಿಂದೆ ಡಬ್ಬಿ. ಅದು ದಾಟುತ್ತಿರುವಾಗಲೇ ಆತ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಸದ್ದು ಅಡಗಿದ ಮೇಲೆ ಮತ್ತೆ ಹೇಳಿದ.

"ಅಂವ ಇಲ್ರಿ ಮೇಡಂ. ಸಣ್ಣಾಂವ. ಲೋಂಡಾದ ಆಚಿಗೆ, ಹಳಿ ಬಾಜೂಕ ಸಿಕ್ಕಿದ್ದ."

"ಯಾವಾಗ?"

"ಭಾಳ ದಿನಾ ಆತ್ರಿ. ಪೋಲೀಸ್ರು ಫೋನ್ ಮಾಡಿದ್ರು, ಒಬ್ಬನ ಹೋದೆ. ಕೈಯಾಗಿನ ಕಡಗಾ ನೋಡಿ ಗುರ್ತ ಹಿಡದೆ. ಅಲ್ಲೇ ಮಣ್ಣ ಮಾಡಿ ಬಂದೆ. ಮನ್ಯಾಗ ಲೋಡ್ ತಗೊಂಡ ಗೋವಾಕ್ಕ ಹೋಗಿದ್ದೆ ಅಂತ ಹೇಳಿದೆ."

"ಹೆಂಡ್ತಿಗೆ?"

"ಆಕಿಗೂ ಹೇಳಿಲ್ರಿ. ಹೇಳಬೇಕಂತನ ಬಂದಿದ್ದೆ. ಅವ್ವ ಉಣ್ಣಾಕ ಕುಂತಿದ್ಲು. ನೆತ್ತಿಗಿ ಹತ್ತಿತು. ತಾನ ನೆತ್ತಿ ತಟಗೊಂಡ, ನೋಡೋ ನಿನ್ನ ತಮ್ಮ ನೆನಸಾಕತ್ತಾನ ಅಂದ್ಲು. ಹೆಂಗ ಹೇಳ್ಲಿರಿ?"

ಗೇಟು ಎದ್ದಿತು. ಹಿಂದಿನ ಗಾಡಿಗಳು ಹಾರನ್ ಹೊಡೆಯತೊಡಗಿದವು. ಆತ ಚಾವಿ ತಿರುಗಿಸಲಿಲ್ಲ.

"ನೀವ ಹೇಳ್ರಿ ಮೇಡಂ. ಅಂವ ಅರಾಮ ಅದಾನ, ನಿನ್ನ ನೆನಸಾಕತ್ತಾನ ಅಂತ. ನೀವ ಹೇಳಿದ್ರ ನಂಬತಾಳ. ನೀರ ಬಿಡತಾಳ."

ನನಗೆ ಆತನ ಮೇಲೆ ಕೆಂಡದಂಥ ಸಿಟ್ಟು ಬಂತು. ಮುಚ್ಚಿಟ್ಟದ್ದಕ್ಕಲ್ಲ. ಅದನ್ನು ತಂದು ನನ್ನ ತಲೆಗೆ ಕಟ್ಟಿದ್ದಕ್ಕೆ. ಇಷ್ಟು ಹೊತ್ತು ನನಗೆ ಗೊತ್ತಿಲ್ಲದ್ದರಿಂದ ಏನು ಬೇಕಾದರೂ ಹೇಳಬಹುದಾಗಿತ್ತು, ಈಗ ಆ ದಾರಿಯನ್ನೂ ಮುಚ್ಚಿದ್ದ. "ಸುಳ್ಳ ನಾ ಹೇಳೂದಿಲ್ರಿ," ಎಂದೆ. ಆತ ತಲೆಯಾಡಿಸಿದ. ಕಣ್ಣೊರೆಸಿಕೊಳ್ಳಲಿಲ್ಲ, ನೀರು ಹಾಗೇ ಇಳಿಯಲು ಬಿಟ್ಟಿದ್ದ. ತಮ್ಮನಿಗಾಗಿ ಆತ ಒಬ್ಬರ ಮುಂದೆ ಅತ್ತದ್ದು ಬಹುಶಃ ಅದೇ ಮೊದಲು. ನನ್ನ ಸಿಟ್ಟು ಇಳಿಯಿತು.

ಹಿಂದಿನವರು ಬೈಯುತ್ತಿದ್ದರು. ನನಗೆ ಆ ಹೊತ್ತಿಗೆ ಹೊಳೆದದ್ದು ದೊಡ್ಡ ವಿಚಾರವೇನಲ್ಲ. ಆಯಿಯ ಗಂಟಲಿನ ಬಗ್ಗೆ ನನಗೆ ಖಚಿತವಾಗಿ ಗೊತ್ತಿದ್ದ ಒಂದು ಸತ್ಯವನ್ನು ನಾನು ಡಾಕ್ಟರಿಗೆ ಹೇಳಿದ್ದೆ, ಸೊಸೆಗೆ ಹೇಳಿದ್ದೆ, ಆಯಿಗೆ ಹೇಳಿರಲಿಲ್ಲ. ಅರ್ಥವಾಗಲಿಕ್ಕಿಲ್ಲ ಎಂದು ನಾವು ರೋಗಿಗಳಿಗೆ ಹೇಳುವುದಿಲ್ಲ.

"ಗಾಡಿ ಹೊಳ್ಳಸ್ರಿ," ಎಂದೆ.

ಮನೆಗೆ ಮರಳಿ ಬಂದು ಸೊಸೆಯಿಂದ ಒಂದಿಷ್ಟು ಅರಿಶಿಣ, ಒಂದು ಕೈಗನ್ನಡಿ ಕೇಳಿದೆ. ನನ್ನ ಚೀಲದಲ್ಲಿ ಟಾರ್ಚೂ ಹತ್ತಿ ಸುತ್ತಿದ ಉದ್ದ ಕಡ್ಡಿಗಳೂ ಇದ್ದವು. ಹತ್ತಿಯನ್ನು ತುಸು ತೇವ ಮಾಡಿ ಅರಿಶಿಣಕ್ಕೆ ಒತ್ತಿದೆ.

"ಆಯಿ, ಕಣ್ಣ ಮುಚ್ಚರಿ. ಬಾಯೊಳಗ ಮುಟ್ಟತೀನಿ. ತಿಳದ್ರ ಬೆರಳ ಎತ್ತರಿ."

ಎಡಗೆನ್ನೆಯ ಒಳಗೆ ಮುಟ್ಟಿದೆ, ಬೆರಳು ಎದ್ದಿತು. ನಾಲಿಗೆಯ ತುದಿಗೆ, ಎದ್ದಿತು. ಎಡಗಡೆ ಗಂಟಲ ಗೋಡೆಗೆ ತಾಗಿಸಿದೆ, ಸ್ವಲ್ಪ ತಡೆದು ಎದ್ದಿತು. ಆಮೇಲೆ ಬಲಗಡೆ, ಕಿರುನಾಲಿಗೆಯ ಪಕ್ಕದ ಗೋಡೆಗೆ ಕಡ್ಡಿ ಒತ್ತಿ ಎಳೆದೆ. ಬೇರೆಯವರಾಗಿದ್ದರೆ ವಾಕರಿಸಿಬಿಡುತ್ತಿದ್ದರು. ಆಯಿ ಬಾಯಿ ತೆರೆದುಕೊಂಡೇ ಕೂತಿದ್ದಳು. ಕಡ್ಡಿ ಹೊರಗೆ ತೆಗೆದೆ. ಆಕೆ ಕಣ್ಣು ಮುಚ್ಚಿಕೊಂಡೇ, "ಹೂಂ, ಮುಟ್ಟು," ಎಂದಳು.

ಕಣ್ಣು ತೆರೆಸಿ, ಕನ್ನಡಿ ಹಿಡಿದು, ಟಾರ್ಚು ಬಿಟ್ಟೆ. ಗಂಟಲ ಬಲಗೋಡೆಯ ಮೇಲೆ ಹಳದಿ ಗೆರೆ ಎದ್ದು ಕಾಣುತ್ತಿತ್ತು. ಆಯಿ ಕನ್ನಡಿಯನ್ನು ತನ್ನ ಎಡಗೈಗೇ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ನಾ ಮುಟ್ಟಿದ್ದು ಖರೇ," ಎಂದೆ. "ನಿಮಗ ತಿಳೀಲಿಲ್ಲ, ಅಷ್ಟ. ನೀರೂ ಹಂಗ ಒಳಗ ಹೊಕ್ಕತೈತಿ, ಗಂಟಲಿಗಿ ಸುದ್ದಿ ಮುಟ್ಟವಲ್ದು."

ಸೊಸೆಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತ ಹಿರಿಯ ಮಗನಿಗೆ ಅರ್ಥವಾಯಿತು. ಆಯಿ ಕನ್ನಡಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಹಂಗಾರ ಹತ್ತಲಿಲ್ಲಂದ್ರ... ನೆನಸಲಿಲ್ಲ ಅಂತ ಅಲ್ಲ?"

"ಅಲ್ಲ. ಗಂಟಲ ಮಲಗೇತಿ ಅಂತ ಅರ್ಥ. ನಾ ಹೇಳೂದು ಗಂಟಲದ ಮಾತಷ್ಟ, ಆಯಿ."

"ಯಾವಾಗ ಏಳತೈತಿ?"

"ನೀರ ಬಿಟ್ರ ಏಳಬಹುದು. ಏಳದನೂ ಇರಬಹುದು. ಹಿಂಗ ಕುಡಕೋಂತ ಕುಂತ್ರ, ಅದು ಏಳೂದರಾಗ ನೀವ ಮಲಗತೀರಿ."

ಕಠಿಣ ಮಾತೇ. ಆಕೆ ಒಂದಿಷ್ಟೂ ನೊಂದುಕೊಳ್ಳಲಿಲ್ಲ. ಮೂಲೆಯಲ್ಲಿದ್ದ ಬಟ್ಟಲಿನ ಕಡೆ ಕೈ ತೋರಿಸಿ ಸೊಸೆಗೆ ಹೇಳಿದಳು, "ಒಯ್ದ ಒಳಗ ಇಡು."

ಅಲ್ಲಿಂದ ಮುಂದಿನದು ಬರೀ ದುಡಿಮೆ. ವಾರ ತಪ್ಪದೆ ಸೊಸೆ ಆಕೆಯನ್ನು ಬೆಳಗಾವಿಗೆ ಕರೆತಂದಳು. ಮರಗಟ್ಟಿದ ಗಂಟಲನ್ನು ಎಬ್ಬಿಸಲೆಂದು ಮಂಜುಗಡ್ಡೆಯಲ್ಲಿಟ್ಟ ಸಣ್ಣ ಉಕ್ಕಿನ ಕನ್ನಡಿಯಿಂದ ಗಂಟಲ ಗೋಡೆಯನ್ನು ಉಜ್ಜುವುದು, ಕೂಡಲೇ ಬಲ ಹಾಕಿ ಉಗುಳು ನುಂಗಿಸುವುದು, ಮತ್ತೆ ಉಜ್ಜುವುದು. ಮನೆಯಲ್ಲಿ ಸೊಸೆ ಅದನ್ನೇ ತಣ್ಣನೆಯ ಚಮಚದಲ್ಲಿ ಮಾಡುತ್ತಿದ್ದಳು, ಒದ್ದೆ ಬಟ್ಟೆಯನ್ನು ಒಣಗುವಷ್ಟು ಹಿಂಡಿ ಬಾಯಿ ಒರೆಸುತ್ತಿದ್ದಳು. ಆಯಿ ಹನಿ ನೀರು ಮುಟ್ಟಲಿಲ್ಲ. ತುಟಿ ಒಡೆದು ರಕ್ತ ಬಂದರೂ ಕೇಳಲಿಲ್ಲ. ಸಂಕ್ರಾಂತಿಯ ದಿನ ಬಂದವಳಿಗೆ ಸಿಸ್ಟರ್ ಒಬ್ಬರು ಎಳ್ಳು ಬೆಲ್ಲ ಕೊಡಲು ಹೋಗಿ ನನ್ನ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡರು. ಜ್ವರ ಮರಳಲಿಲ್ಲ. ಆದರೆ ದೇಹ ಇಳಿಯುತ್ತಲೇ ಇತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹಳದಿ ಗೆರೆಯ ಪರೀಕ್ಷೆಯನ್ನು ಪ್ರತಿ ಸಲ ಮಾಡು ಎಂದು ಆಕೆಯೇ ಹಟ ಮಾಡುತ್ತಿದ್ದಳು. ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡು, "ಹೂಂ, ಮುಟ್ಟು." ಆ ಎರಡು ಮಾತು ಕೇಳಿದಾಗ ನನ್ನ ಜೀವ ಕುಗ್ಗುತ್ತಿತ್ತು.

ಆ ಬೇಸಿಗೆಯಲ್ಲಿ ಇನ್ನೊಂದು ಲಕ್ವಾ ಆಕೆಯನ್ನು ನಿದ್ದೆಯಲ್ಲೇ ಒಯ್ದಿತು. ನೀರಿನ ತಪ್ಪಲ್ಲ ಅದು. ಸುದ್ದಿ ತಿಳಿಸಲು ಫೋನ್ ಮಾಡಿದ ಹಿರಿಯ ಮಗ, ತಮ್ಮನ ವಿಷಯ ಅವ್ವನಿಗೆ ಕೊನೆಯವರೆಗೂ ಹೇಳಲಿಲ್ಲ ಎಂದ. ಆದರೆ ನಾನು ಮರೆಯದೆ ಉಳಿಸಿಕೊಂಡದ್ದು ಅದಕ್ಕಿಂತ ಮುಂಚಿನ ಒಂದು ಬೆಳಿಗ್ಗೆಯನ್ನು.

ಅವತ್ತು ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. ಕೋಣೆಯಲ್ಲಿ ಆಯಿ, ಅವತ್ತು ಜೊತೆಗೆ ಬಂದಿದ್ದ ಹಿರಿಯ ಮಗ, ನಾನು, ಮೂವರೇ. ಕಡ್ಡಿಯನ್ನು ಬಲಗೋಡೆಗೆ ತಾಗಿಸಿದಾಗ ಆಯಿಯ ಬೆರಳು ತುಸು ಅಲುಗಿತು. ನನಗೆ ನಂಬಿಕೆ ಬರಲಿಲ್ಲ, ಮತ್ತೆ ತಾಗಿಸಿದೆ. ಮತ್ತೆ ಅಲುಗಿತು. ಬಾಯಿ ಚೊಕ್ಕಟವಿದೆಯೆಂದು ನೋಡಿಕೊಂಡು, ನೆಟ್ಟಗೆ ಕೂರಿಸಿ, ಕುತ್ತಿಗೆಗೆ ಸ್ಟೆತಸ್ಕೋಪ್ ಇಟ್ಟು, ಎಷ್ಟೋ ದಿನಗಳ ಮೇಲೆ ಕಾಲು ಚಮಚ ನೀರು ನಾಲಿಗೆಯ ಮೇಲೆ ಬಿಟ್ಟೆ. ನುಂಗಿದಳು. ಆಯಿ ಕಾದಳು. ನಾನೂ ಕಾದೆ, ಇಬ್ಬರೂ ಒಂದೇ ಥರ ಕತ್ತು ಎತ್ತಿಕೊಂಡು.

ಕೆಮ್ಮು ಬಂತು. ಮೊದಲು ಸಣ್ಣದು, ಆಮೇಲೆ ಎದೆಯ ತಳದಿಂದ ಒದ್ದುಕೊಂಡು ದೊಡ್ಡದು. ನೀರು ಹೊರಗೆ ಸಿಡಿಯಿತು. ನಾನು ಸಂತೋಷಕ್ಕೆ ಚಮಚ ಬೀಳಿಸಿದೆ. ಗಂಟಲು ಎದ್ದಿತ್ತು. ಇನ್ನು ತಪ್ಪು ದಾರಿ ಹಿಡಿದದ್ದು ಹೊರಗೆ ಬರುತ್ತದೆ. ಆಯಿಯ ಒಣ ಮುಖದ ತುಂಬ ನೀರು, ನಗು. "ಬಂತು," ಎಂದಳು. "ಬಂತ ಬಾಯಿ, ಹತ್ತಿತು!"

ನನ್ನ ಕೈ ತಾನಾಗಿ ಮೇಲೆದ್ದಿತ್ತು. ಆದರೆ ಆಕೆ ನನ್ನ ಕಡೆ ನೋಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಹಿರಿಯ ಮಗನ ಕಡೆ ಎಡಗೈ ಚಾಚಿ, ಆತನ ಮಣಿಕಟ್ಟು ಹಿಡಿದು ಎಳೆದು, ಕೈಯನ್ನು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ತಟ್ಟಪಾ," ಎಂದಳು ಕೆಮ್ಮುತ್ತಲೇ. "ಯಾರ ನೆನಸಿದ್ರೋ?"

ಆತ ನನ್ನನ್ನು ನೋಡಿದ. ನಾನು ಬಿದ್ದ ಚಮಚ ಎತ್ತಲೆಂದು ಬಗ್ಗಿದೆ. ಬಗ್ಗಿದವಳು ಮೇಲೇಳಲು ಹೆದರಿ ಅಲ್ಲೇ ಉಳಿದೆ. ಆತನ ಕೈ ಮೆಲ್ಲಗೆ ತಟ್ಟತೊಡಗಿದ್ದು ಕೇಳಿಸಿತು.

"ತಮ್ಮ, ಅವ್ವಾ," ಎಂದ. "ತಮ್ಮ ನೆನಸ್ಯಾನ."

ಆಯಿಯ ಕೆಮ್ಮು ಇಳಿಯುತ್ತ ಬಂದು ನಿಂತಿತು. ಕೆಮ್ಮು ನಿಂತ ಮೇಲೂ ಆತ ತಟ್ಟುತ್ತಲೇ ಇದ್ದ.